ಪಿಕಪ್ ವಾಹನದ ರೇಡಿಯೇಟರ್ ಹೋಸನ್ನು ಮನೆಯಲ್ಲೇ ಬದಲಾಯಿಸುವ ಕ್ರಮ

ಬೆಳೆದ ಮಾಲನ್ನು ಕೆಡದಂತೆ ಪೇಟೆಗೆ ಮುಟ್ಟಿಸುವುದು ಬೇಸಾಯದ ಕೊನೆಯ ಕೆಲಸ. ಹಿಂದೆ ಎತ್ತಿನ ಗಾಡಿ, ಆನಂತರ ಟ್ರಾಕ್ಟರಿನ ಟ್ರೈಲರು ಮಾಡುತ್ತಿದ್ದ ಈ ಕೆಲಸವನ್ನು ಈಗ ಅನೇಕ ಹಳ್ಳಿಗಳಲ್ಲಿ ಪಿಕಪ್ ವಾಹನಗಳು ವಹಿಸಿಕೊಂಡಿವೆ. ಟೊಮೆಟೊ, ಹೂವು, ಸೊಪ್ಪು, ಹಾಲು ಮುಂತಾದವು ಹೊತ್ತಿಗೆ ಸರಿಯಾಗಿ ತಲುಪದಿದ್ದರೆ ಬೆಲೆ ಕಳೆದುಕೊಳ್ಳುವ ಮಾಲುಗಳು. ಆದ್ದರಿಂದ ವಾಹನ ನಡುದಾರಿಯಲ್ಲಿ ನಿಂತರೆ ರಿಪೇರಿಯ ಖರ್ಚಿನ ಜೊತೆಗೆ ಬೆಳೆಯ ನಷ್ಟವೂ ಸೇರಿಕೊಳ್ಳುತ್ತದೆ.

ಒಂದು ಲೆಕ್ಕ ಹಾಕಿ ನೋಡಿ. 15 ಕಿಲೋ ತೂಕದ 100 ಬಾಕ್ಸ್ ಟೊಮೆಟೊ ಹೇರಿಕೊಂಡು ಕೋಲಾರದ ಮಾರುಕಟ್ಟೆಗೆ ಹೊರಟ ವಾಹನದಲ್ಲಿ 1500 ಕಿಲೋ ಮಾಲಿರುತ್ತದೆ. ದಾರಿಯಲ್ಲಿ ರೇಡಿಯೇಟರಿನ ರಬ್ಬರ್ ಹೋಸ್ ಒಡೆದರೆ ಕೆಲವೇ ನಿಮಿಷಗಳಲ್ಲಿ ಇಂಜಿನಿನ ನೀರೆಲ್ಲ ಹೊರಗೆ ಹೋಗುತ್ತದೆ. ಹರಾಜಿನ ಹೊತ್ತು ತಪ್ಪುತ್ತದೆ. ಚಾಲಕನು ಗಮನಿಸದೆ ಇನ್ನೂ ಸ್ವಲ್ಪ ದೂರ ಓಡಿಸಿದರೆ ಇಂಜಿನಿನ ಹೆಡ್ ಬಾಗಿ, ಗ್ಯಾಸ್ಕೆಟ್ ಸುಟ್ಟು, ಸಾವಿರಗಟ್ಟಲೆ ರೂಪಾಯಿ ಖರ್ಚು ಬರುತ್ತದೆ. ಇಷ್ಟಕ್ಕೆಲ್ಲ ಕಾರಣವಾಗುವುದು ಕೆಲವು ನೂರು ರೂಪಾಯಿ ಬೆಲೆಯ ಒಂದು ರಬ್ಬರ್ ಕೊಳವೆ. ಹೆಚ್ಚಿನ ಸಂದರ್ಭಗಳಲ್ಲಿ ಈ ಕೊಳವೆ ಒಡೆಯುವ ಮೊದಲೇ ಸೂಚನೆ ಕೊಡುತ್ತದೆ. ಅದನ್ನು ಗುರುತಿಸಿ, ಬಿಡುವಿನ ದಿನ ಮನೆಯಂಗಳದಲ್ಲೇ ಬದಲಾಯಿಸಿಕೊಳ್ಳಲು ರೈತ ಬಾಂಧವರಿಗೆ ಕಷ್ಟವಿಲ್ಲ. ಪಂಪ್‌ಸೆಟ್ಟಿಗೆ ಪೈಪು ಜೋಡಿಸಿ ಅಭ್ಯಾಸವಿರುವವರು ಈ ಕೆಲಸವನ್ನೂ ಕಲಿಯಬಲ್ಲರು.

ನೀರು ಸುತ್ತುವ ಬಗೆ

ಇಂಜಿನಿನಲ್ಲಿ ಉರಿಯುವ ಇಂಧನದ ಶಾಖವೆಲ್ಲ ಚಕ್ರ ತಿರುಗಿಸುವ ಕೆಲಸಕ್ಕೆ ಬರುವುದಿಲ್ಲ. ಸುಮಾರು ಮೂರನೆಯ ಒಂದು ಪಾಲು ಇಂಜಿನಿನ ಸುತ್ತ ಹರಿಯುವ ನೀರಿಗೆ, ಅಂದರೆ ಕೂಲೆಂಟಿಗೆ, ಸೇರುತ್ತದೆ. ಈ ಬಿಸಿ ನೀರು ಮೇಲಿನ ಹೋಸಿನ ಮೂಲಕ ರೇಡಿಯೇಟರಿಗೆ ಬಂದು, ಅಲ್ಲಿ ಫ್ಯಾನಿನ ಗಾಳಿಗೆ ತಣಿದು, ಕೆಳಗಿನ ಹೋಸಿನ ಮೂಲಕ ಮತ್ತೆ ಇಂಜಿನಿಗೆ ಹೋಗುತ್ತದೆ. ನೀರನ್ನು ತಳ್ಳುವ ಕೆಲಸ ವಾಟರ್ ಪಂಪಿನದು. ನಡುವೆ ಇರುವ ಥರ್ಮೋಸ್ಟಾಟ್ ಎಂಬ ಸಣ್ಣ ಬಾಗಿಲು ಇಂಜಿನ್ ತಣ್ಣಗಿರುವಾಗ ಮುಚ್ಚಿರುತ್ತದೆ. ಸಾಮಾನ್ಯವಾಗಿ ಸುಮಾರು 80ರಿಂದ 90 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ತೆರೆದುಕೊಳ್ಳುತ್ತದೆ.

ರೇಡಿಯೇಟರಿನ ಮುಚ್ಚಳವೂ ಈ ವ್ಯವಸ್ಥೆಯ ಮುಖ್ಯ ಭಾಗ. ಅಡುಗೆ ಮನೆಯ ಪ್ರೆಷರ್ ಕುಕ್ಕರಿನ ತೂಕದಂತೆ ಅದು ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ತೆರೆದ ಪಾತ್ರೆಯ ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುತ್ತದೆ. ಬೆಂಗಳೂರು, ಕೋಲಾರದಂತಹ 800–900 ಮೀಟರ್ ಎತ್ತರದ ಊರುಗಳಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಆದರೆ ಹೊರಗಿನ ಗಾಳಿಗಿಂತ ಒಂದು ಬಾರ್ ಹೆಚ್ಚಿನ ಒತ್ತಡವಿರುವ ಮುಚ್ಚಿದ ವ್ಯವಸ್ಥೆಯಲ್ಲಿ ನೀರು ಸುಮಾರು 120 ಡಿಗ್ರಿಯವರೆಗೆ ಕುದಿಯದೆ ನಿಲ್ಲುತ್ತದೆ. ಈ ಒತ್ತಡ ಮತ್ತು ಶಾಖ ಎರಡನ್ನೂ ರಬ್ಬರ್ ಹೋಸ್ ತಡೆದುಕೊಳ್ಳಬೇಕು. ಹೋಸ್ ದುರ್ಬಲವಾದಾಗ ಬಿರಿಯುವುದು ಈ ಕಾರಣದಿಂದಲೇ.

ಹೋಸ್ ಕೆಡುವುದು ಏಕೆ

ಹೋಸಿನ ಗೋಡೆಯಲ್ಲಿ ಎರಡು ಪದರ ರಬ್ಬರಿನ ನಡುವೆ ದಾರದ ನೇಯ್ಗೆ ಇರುತ್ತದೆ. ವರ್ಷಗಟ್ಟಲೆ ಕಾದು ತಣಿಯುವುದರಿಂದ ರಬ್ಬರ್ ತನ್ನ ಮೆದುತನ ಕಳೆದುಕೊಳ್ಳುತ್ತದೆ. ಡೀಸೆಲ್, ಇಂಜಿನ್ ಆಯಿಲ್ ಅಥವಾ ಗ್ರೀಸು ತಾಗಿದ ಕಡೆ ಅದು ಊದಿಕೊಂಡು ಮೆತ್ತಗಾಗುತ್ತದೆ. ಫ್ಯಾನಿನ ಕವಚಕ್ಕೋ ಬೇರೆ ಲೋಹದ ಭಾಗಕ್ಕೋ ಉಜ್ಜುತ್ತಿದ್ದರೆ ಸವೆಯುತ್ತದೆ. ಹಲವು ಸಲ ಹೋಸ್ ಹೊರಗಿನಿಂದ ಚೆನ್ನಾಗಿ ಕಾಣುತ್ತಿದ್ದರೂ ಒಳಗಿನಿಂದ, ಅದರಲ್ಲೂ ಎರಡು ತುದಿಗಳ ಹತ್ತಿರ, ಸೂಕ್ಷ್ಮವಾದ ಬಿರುಕು ಬಿಟ್ಟಿರುತ್ತದೆ. ಕಣ್ಣಿನಿಂದ ನೋಡಿದರಷ್ಟೇ ಸಾಲದು, ಕೈಯಿಂದ ಒತ್ತಿ ನೋಡಬೇಕು ಎನ್ನುವುದು ಇದಕ್ಕಾಗಿ.

ಹಳ್ಳಿಯ ವಾಹನಗಳಿಗೆ ಇನ್ನೊಂದು ಶತ್ರು ಇಲಿ. ಧಾನ್ಯದ ಕೋಣೆ ಅಥವಾ ಹುಲ್ಲಿನ ಬಣವೆಯ ಪಕ್ಕದಲ್ಲಿ ನಿಲ್ಲಿಸಿದ ವಾಹನದ ಬಾನೆಟ್ಟಿನೊಳಗೆ ಇಲಿಗಳು ಬೆಚ್ಚಗೆ ಸೇರಿಕೊಂಡು ವೈರು, ಹೋಸುಗಳನ್ನು ಕಡಿಯುತ್ತವೆ. ಕೆಲವು ದಿನ ನಿಲ್ಲಿಸಿದ್ದ ವಾಹನವನ್ನು ಹೊರಡಿಸುವ ಮುನ್ನ ಬಾನೆಟ್ ತೆರೆದು ನೋಡುವುದು ಒಳ್ಳೆಯದು.

ಪರೀಕ್ಷಿಸುವ ವಿಧಾನ

ಇಂಜಿನ್ ಪೂರ್ತಿ ತಣಿದಿರುವ ಬೆಳಗಿನ ಹೊತ್ತು ಪರೀಕ್ಷೆಗೆ ಸೂಕ್ತ. ಮೇಲಿನ ಮತ್ತು ಕೆಳಗಿನ ಹೋಸುಗಳನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ಒತ್ತಬೇಕು. ಮೊದಲು ನಡುಭಾಗ, ಆಮೇಲೆ ಕ್ಲಿಪ್ಪಿನಿಂದ ಐದು ಸೆಂಟಿಮೀಟರ್ ಒಳಗಿನ ತುದಿಭಾಗ ಒತ್ತಿ ಹೋಲಿಸಬೇಕು. ಒಳ್ಳೆಯ ಹೋಸ್ ಗಟ್ಟಿಯಾಗಿದ್ದರೂ ಒತ್ತಿದರೆ ಬಳುಕುತ್ತದೆ. ಈ ಕೆಳಗಿನ ಯಾವುದಾದರೊಂದು ಲಕ್ಷಣ ಕಂಡರೂ ಹೋಸನ್ನು ಬದಲಾಯಿಸತಕ್ಕದ್ದು.

1. ತುದಿಭಾಗ ನಡುಭಾಗಕ್ಕಿಂತ ಮೆತ್ತಗಾಗಿರುವುದು ಅಥವಾ ಅಲ್ಲಲ್ಲಿ ಉಬ್ಬಿರುವುದು.
2. ಒತ್ತಿದರೆ ಬಳುಕದೆ ಮರದಂತೆ ಬಿರುಸಾಗಿರುವುದು, ಒಳಗೆ ಚಟಚಟ ಸದ್ದಾಗುವುದು.
3. ಬಾಗಿದ ಕಡೆ ಬಿರುಕು, ಉಜ್ಜಿದ ಗುರುತು ಅಥವಾ ಇಲಿ ಕಡಿದ ಗುರುತು.
4. ಕ್ಲಿಪ್ಪಿನ ಬಳಿ ಬಿಳಿ ಇಲ್ಲವೆ ಬಣ್ಣದ ಹೊಪ್ಪಳೆ ಕಟ್ಟಿರುವುದು. ಇದು ಸೋರಿಕೆಯ ಗುರುತು.
5. ಓಡಿಸುವಾಗ ಸಿಹಿಯಾದ ಘಾಟು ವಾಸನೆ ಬರುವುದು, ಶೇಖರಣಾ ಬಾಟಲಿಯಲ್ಲಿ ಕೂಲೆಂಟ್ ಮಟ್ಟ ಪದೇ ಪದೇ ಇಳಿಯುವುದು.

ಯಾವ ಲಕ್ಷಣವೂ ಕಾಣದಿದ್ದರೂ ನಾಲ್ಕು ವರ್ಷ ದಾಟಿದ ಹೋಸನ್ನು ಹೆಚ್ಚು ಜಾಗರೂಕತೆಯಿಂದ ನೋಡುತ್ತಿರಬೇಕು. ವಾಹನದ ಕೈಪಿಡಿಯಲ್ಲಿ ಬದಲಾವಣೆಯ ಅವಧಿ ಹೇಳಿದ್ದರೆ ಅದನ್ನೇ ಅನುಸರಿಸಬೇಕು. ನಮ್ಮಲ್ಲಿ ಮಾರ್ಚ್ ತಿಂಗಳ ಬಿಸಿಲು ಏರುವ ಮುಂಚೆ ಒಮ್ಮೆ, ಕೊಯ್ಲಿನ ಸಾಗಾಣಿಕೆ ಆರಂಭವಾಗುವ ಮುಂಚೆ ಇನ್ನೊಮ್ಮೆ ಪರೀಕ್ಷಿಸುವುದು ರೂಢಿಯಾಗಬೇಕು. ಶಿರಾಡಿ, ಚಾರ್ಮಾಡಿಯಂತಹ ಘಾಟಿ ರಸ್ತೆಗಳಲ್ಲಿ ಭಾರ ಹೊತ್ತು ಏರುವ ವಾಹನಗಳಿಗಂತೂ ಇದು ಅತ್ಯವಶ್ಯ.

ಮೊಟ್ಟಮೊದಲ ಎಚ್ಚರಿಕೆ

ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳವನ್ನಾಗಲಿ ಹೋಸಿನ ಕ್ಲಿಪ್ಪನ್ನಾಗಲಿ ಎಂದಿಗೂ ಬಿಚ್ಚಬಾರದು. ಒತ್ತಡದಲ್ಲಿರುವ ನೀರು ಮುಚ್ಚಳ ಸಡಿಲವಾದ ಕೂಡಲೆ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಮೇಲೆ ಬಟ್ಟೆ ಹಾಕಿ ತಿರುಗಿಸಿದರೂ ಈ ಅಪಾಯ ತಪ್ಪುವುದಿಲ್ಲ. ಹಿಂದಿನ ರಾತ್ರಿ ವಾಹನ ನಿಲ್ಲಿಸಿ ಮರುದಿನ ಬೆಳಿಗ್ಗೆ ಕೆಲಸ ಹಿಡಿಯುವುದು ಎಲ್ಲಕ್ಕಿಂತ ಉತ್ತಮ. ಮಕ್ಕಳು, ನಾಯಿ, ಕರುಗಳು ಹತ್ತಿರ ಸುಳಿಯದಂತೆ ನೋಡಿಕೊಳ್ಳಬೇಕು.

ಬೇಕಾಗುವ ಸಾಮಾನುಗಳು

ಹೊಸ ಹೋಸ್ ಮತ್ತು ಎರಡು ಹೊಸ ಕ್ಲಿಪ್ಪುಗಳು, ಸ್ಕ್ರೂಡ್ರೈವರ್ ಅಥವಾ ಕ್ಲಿಪ್ಪಿಗೆ ಹೊಂದುವ ಸ್ಪ್ಯಾನರ್, ಸ್ಪ್ರಿಂಗ್ ಕ್ಲಿಪ್ ಇದ್ದರೆ ಇಕ್ಕಳ, ಚಿಕ್ಕ ಚಾಕು, ನಯವಾದ ಉಪ್ಪುಕಾಗದ, ಅಗಲವಾದ ಬೋಗುಣಿ, ಆಲಿಕೆ, ಹಳೆಯ ಬಟ್ಟೆ, ರಬ್ಬರ್ ಕೈಚೀಲ ಮತ್ತು ಕೂಲೆಂಟ್. ಇಷ್ಟಿದ್ದರೆ ಸಾಕು.

ಹೋಸ್ ಕೊಳ್ಳುವಾಗ ವಾಹನದ ಮಾದರಿ ಮತ್ತು ತಯಾರಾದ ವರ್ಷ ತಿಳಿಸಿ ಅದಕ್ಕೆಂದೇ ಮಾಡಿದ ಹೋಸನ್ನೇ ತರಬೇಕು. ಉದ್ದ, ಒಳವ್ಯಾಸ, ಬಾಗು ಮೂರೂ ಹಳೆಯದಕ್ಕೆ ಹೊಂದಬೇಕು. ನೇರವಾದ ಪೈಪನ್ನು ಬಗ್ಗಿಸಿ ಕೂರಿಸಿದರೆ ಮಡಿಕೆ ಬಿದ್ದು ನೀರಿನ ದಾರಿ ಕಟ್ಟುತ್ತದೆ. ಕೆಳಗಿನ ಹೋಸ್ ಪಂಪಿನ ಎಳೆತಕ್ಕೆ ಅಪ್ಪಚ್ಚಿಯಾಗದಿರಲೆಂದು ಕೆಲವು ವಾಹನಗಳಲ್ಲಿ ಅದರೊಳಗೆ ತಂತಿಯ ಸುರುಳಿ ಇಟ್ಟಿರುತ್ತಾರೆ. ಹಳೆಯದರಲ್ಲಿ ಸುರುಳಿ ಇದ್ದರೆ ಹೊಸದರಲ್ಲೂ ಇರಬೇಕು.

ಕೂಲೆಂಟ್ ಸಹ ಕೈಪಿಡಿಯಲ್ಲಿ ಹೇಳಿದ ಜಾತಿಯದೇ ಆಗಿರಲಿ. ಬಣ್ಣ ಒಂದೇ ಎಂದು ಬೇರೆ ಬೇರೆ ಜಾತಿಯವನ್ನು ಬೆರೆಸಬಾರದು. ನೇರವಾಗಿ ತುಂಬುವ ಕೂಲೆಂಟಿಗೆ ನೀರು ಸೇರಿಸಬೇಕಿಲ್ಲ. ಗಟ್ಟಿ ಕೂಲೆಂಟ್ ಆದರೆ ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ, ಸಾಮಾನ್ಯವಾಗಿ ಅರ್ಧಕ್ಕರ್ಧ, ಬ್ಯಾಟರಿಗೆ ಹಾಕುವಂತಹ ಶುದ್ಧ ಡಿಸ್ಟಿಲ್ಡ್ ನೀರು ಬೆರೆಸಬೇಕು. ಕೊಳವೆ ಬಾವಿಯ ಗಡಸು ನೀರು ಬೇಡ. ಸ್ನಾನದ ಹಂಡೆಯ ತಳದಲ್ಲಿ ಕಟ್ಟುವ ಬಿಳಿಯ ಪದರ ನಿಮಗೆ ಗೊತ್ತೇ ಇದೆ. ಅದೇ ಪದರ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕಟ್ಟಿದರೆ ನೀರು ತಣಿಯುವುದೇ ನಿಲ್ಲುತ್ತದೆ. ಅಲ್ಲದೆ ಬರಿಯ ನೀರಿನಲ್ಲಿ ತುಕ್ಕು ತಡೆಯುವ ಗುಣವಿಲ್ಲ.

ಹಳೆಯ ಹೋಸ್ ತೆಗೆಯುವುದು

ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಡಿ. ಕೀಲಿಯನ್ನು ತೆಗೆದು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ವಿದ್ಯುತ್ ಫ್ಯಾನ್ ಇರುವ ವಾಹನಗಳಲ್ಲಿ ಇಂಜಿನ್ ನಿಂತಿದ್ದರೂ ಫ್ಯಾನ್ ತಾನಾಗಿ ತಿರುಗುವ ಸಂಭವವಿರುವುದರಿಂದ ಬ್ಯಾಟರಿಯ ಋಣ ತಂತಿಯನ್ನು ಕಳಚಿಡಬೇಕು. ಬಿಚ್ಚುವ ಮೊದಲು ಹೋಸ್ ಕುಳಿತಿರುವ ರೀತಿ, ಕ್ಲಿಪ್ಪಿನ ತಿರುಪು ಯಾವ ಕಡೆಗಿದೆ ಎಂಬುದನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರೆ ಮತ್ತೆ ಜೋಡಿಸುವಾಗ ಅನುಕೂಲ.

ಈಗ ತಣ್ಣಗಿರುವ ಮುಚ್ಚಳವನ್ನು ನಿಧಾನವಾಗಿ ತೆರೆಯಿರಿ. ರೇಡಿಯೇಟರಿನ ತಳದಲ್ಲಿರುವ ನೀರು ಬಿಡುವ ತಿರುಪಿನ ಕೆಳಗೆ ಬೋಗುಣಿ ಇಟ್ಟು ಕೂಲೆಂಟನ್ನು ಇಳಿಸಿ. ಮೇಲಿನ ಹೋಸ್ ಮಾತ್ರ ಬದಲಾಯಿಸುವುದಾದರೆ ನೀರಿನ ಮಟ್ಟ ಅದರ ಬಾಯಿಗಿಂತ ಕೆಳಗೆ ಇಳಿದರೆ ಸಾಕು. ಕೆಳಗಿನ ಹೋಸಾದರೆ ಪೂರ್ತಿ ಖಾಲಿ ಮಾಡಬೇಕು. ತಿರುಪು ಇಲ್ಲದ ವಾಹನಗಳಲ್ಲಿ ಕೆಳಗಿನ ಹೋಸನ್ನೇ ನಿಧಾನವಾಗಿ ಜಾರಿಸಿ ಬೋಗುಣಿಗೆ ಬಿಡಬೇಕಾಗುತ್ತದೆ.

ಕ್ಲಿಪ್ಪುಗಳನ್ನು ಸಡಿಲಿಸಿ ಹೋಸಿನ ನಡುಭಾಗಕ್ಕೆ ಸರಿಸಿ. ಅನಂತರ ಹೋಸನ್ನು ಎಡಕ್ಕೂ ಬಲಕ್ಕೂ ತಿರುಚಿ ಸಡಿಲ ಮಾಡಿ ಎಳೆಯಿರಿ. ಬಹುಕಾಲದ ಹೋಸ್ ಅಂಟಿಕೊಂಡಿರುತ್ತದೆ, ಬಲಪ್ರಯೋಗ ಸಲ್ಲದು. ಈಗಿನ ಅನೇಕ ರೇಡಿಯೇಟರುಗಳ ಎರಡು ಬದಿಯ ತೊಟ್ಟಿಗಳು ಪ್ಲಾಸ್ಟಿಕ್ಕಿನವು. ಹೋಸ್ ಕೂರುವ ಮೂತಿ ಮುರಿದರೆ ರೇಡಿಯೇಟರನ್ನೇ ಬದಲಾಯಿಸಬೇಕಾಗಬಹುದು. ಹೋಸ್ ಹೇಗೂ ಬಿಸಾಡುವಂಥದು. ಆದ್ದರಿಂದ ತುದಿಯಲ್ಲಿ ಉದ್ದುದ್ದವಾಗಿ ಚಾಕುವಿನಿಂದ ಸೀಳಿ, ಬಾಳೆದಿಂಡಿನ ಪದರ ಸುಲಿಯುವಂತೆ ಬಿಡಿಸಿ ತೆಗೆಯಬಹುದು. ಚಾಕುವಿನ ಮೊನೆ ಮೂತಿಗೆ ತಾಗಿ ಗೀರು ಬೀಳದಂತೆ ಎಚ್ಚರವಿರಲಿ. ಆ ಗೀರಿನಿಂದಲೇ ಮುಂದೆ ನೀರು ಜಿನುಗುತ್ತದೆ.

ಹೊಸ ಹೋಸ್ ಕೂರಿಸುವುದು

ಮೂತಿಗೆ ಅಂಟಿದ ಹಳೆಯ ರಬ್ಬರು, ಹೊಪ್ಪಳೆಗಳನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ. ಲೋಹದ ಮೂತಿಯಾದರೆ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಬಹುದು. ಪ್ಲಾಸ್ಟಿಕ್ ಮೂತಿಗೆ ಬಟ್ಟೆಯೇ ಸಾಕು. ಹೊಸ ಹೋಸನ್ನು ಹಳೆಯದರ ಪಕ್ಕದಲ್ಲಿಟ್ಟು ಮತ್ತೊಮ್ಮೆ ಹೋಲಿಸಿ ನೋಡಿ.

ಕ್ಲಿಪ್ಪುಗಳನ್ನು ಮೊದಲು ಹೋಸಿಗೆ ತೊಡಿಸಿಕೊಳ್ಳಬೇಕು. ಹೋಸಿನ ಒಳಬಾಯಿಗೆ ಸ್ವಲ್ಪ ಕೂಲೆಂಟ್ ಸವರಿದರೆ ಸುಲಭವಾಗಿ ಜಾರುತ್ತದೆ. ಗ್ರೀಸು, ಎಣ್ಣೆಗಳನ್ನು ಹಚ್ಚಬಾರದು; ಅವು ರಬ್ಬರನ್ನು ಕೆಡಿಸುತ್ತವೆ. ಹೋಸಿನ ಬಾಗುಗಳು ತಮ್ಮ ಸಹಜ ಸ್ಥಾನದಲ್ಲಿ ಬರುವಂತೆ ಹಿಡಿದು, ತುದಿ ಮೂತಿಯ ಬುಡಕ್ಕೆ ತಾಗುವವರೆಗೆ ತಳ್ಳಿ. ಫ್ಯಾನು, ಬೆಲ್ಟುಗಳಿಗೆ ತಾಗದಂತೆ ನೋಡಿ.

ಮೂತಿಯ ತುದಿಯಲ್ಲಿ ಸುತ್ತಲೂ ಒಂದು ಉಬ್ಬು ಇರುತ್ತದೆ. ಕ್ಲಿಪ್ ಈ ಉಬ್ಬಿನ ಮೇಲೆ ಕೂರಬಾರದು. ಉಬ್ಬನ್ನು ದಾಟಿ ಬುಡದ ಕಡೆಗೆ, ಹೋಸಿನ ಅಂಚಿನಿಂದ ಸ್ವಲ್ಪ ಒಳಗೆ ಕೂರಬೇಕು. ಹಾಗಿದ್ದರೆ ಒತ್ತಡ ಏರಿದಾಗ ಹೋಸ್ ಕಳಚಿಕೊಳ್ಳುವುದಿಲ್ಲ. ತಿರುಪನ್ನು ಬಿಗಿಯಾಗುವವರೆಗೆ ಮಾತ್ರ ತಿರುಗಿಸಿ. ಕ್ಲಿಪ್ಪಿನ ಸೀಳುಗಳಲ್ಲಿ ರಬ್ಬರ್ ಕೊಯ್ದು ಹೊರಬರುವಷ್ಟು ಬಿಗಿದರೆ ಹೊಸ ಹೋಸೇ ಹಾಳಾಗುತ್ತದೆ. ಕ್ಲಿಪ್ಪಿಗೆ ಬದಲಾಗಿ ಕಟ್ಟುವ ತಂತಿ ಸುತ್ತುವ ಪದ್ಧತಿ ಸರಿಯಲ್ಲ. ತಂತಿಯ ಒತ್ತಡ ಸುತ್ತಲೂ ಸಮನಾಗಿರದೆ ರಬ್ಬರನ್ನು ಕತ್ತರಿಸುತ್ತದೆ.

ಕೂಲೆಂಟ್ ತುಂಬಿ ಗಾಳಿ ತೆಗೆಯುವುದು

ಹೋಸ್ ಕೂರಿಸಿದಲ್ಲಿಗೆ ಕೆಲಸ ಮುಗಿಯಲಿಲ್ಲ. ಒಳಗೆ ಸೇರಿದ ಗಾಳಿಯನ್ನು ತೆಗೆಯದೆ ಓಡಿಸಿದರೆ ಹೊಸ ಹೋಸಿದ್ದರೂ ಇಂಜಿನ್ ಕಾದುಹೋಗುತ್ತದೆ. ಪಂಪ್‌ಸೆಟ್ಟಿನ ಪೈಪಿನಲ್ಲಿ ಗಾಳಿ ಸೇರಿದರೆ ನೀರು ಎತ್ತದಿರುವುದನ್ನು ನೀವು ಕಂಡಿದ್ದೀರಿ. ಇಲ್ಲಿಯೂ ಹಾಗೆಯೇ.

ಕೆಳಗಿನ ತಿರುಪನ್ನು ಮುಚ್ಚಿದ್ದೀರಾ ಎಂದು ನೋಡಿಕೊಂಡು ಕೂಲೆಂಟನ್ನು ಆಲಿಕೆಯಿಂದ ನಿಧಾನವಾಗಿ ತುಂಬಿ. ನಡುನಡುವೆ ಹೋಸನ್ನು ಹಿಂಡಿದರೆ ಗುಳ್ಳೆಗಳು ಮೇಲೆ ಬರುತ್ತವೆ. ಗಾಳಿ ಬಿಡುವ ತಿರುಪು ಇರುವ ವಾಹನಗಳಲ್ಲಿ ಅದನ್ನು ಸಡಿಲಿಸಿ, ಗುಳ್ಳೆಯಿಲ್ಲದೆ ಕೂಲೆಂಟ್ ಹೊರಬರಲು ತೊಡಗಿದಾಗ ಮುಚ್ಚಬೇಕು. ಬ್ಯಾಟರಿ ತಂತಿ ಜೋಡಿಸಿ, ಕ್ಯಾಬಿನ್ನಿನ ಹೀಟರ್ ಇದ್ದರೆ ಅದನ್ನು ಪೂರ್ತಿ ಬಿಸಿಯ ಕಡೆಗೆ ತಿರುಗಿಸಿ, ಇಂಜಿನ್ ಚಾಲೂ ಮಾಡಿ ಎಕ್ಸಲರೇಟರ್ ಒತ್ತದೆ ಬಿಡಿ. ಟವೆಲ್ಲು, ಪಂಚೆಯ ಚುಂಗು, ಸೆರಗು ಇವು ಫ್ಯಾನು, ಬೆಲ್ಟಿನ ಹತ್ತಿರ ಹೋಗಬಾರದು.

ರೇಡಿಯೇಟರಿನ ಮೇಲೆಯೇ ಮುಚ್ಚಳವಿರುವ ವಾಹನದಲ್ಲಿ ಮುಚ್ಚಳ ತೆರೆದಿಟ್ಟೇ ಇಂಜಿನ್ ಚಾಲೂ ಮಾಡಿದರೆ ಗುಳ್ಳೆಗಳು ಹೊರಬರುತ್ತವೆ. ಬಾಯಿಯ ಮೇಲೆ ಬಗ್ಗದೆ ಪಕ್ಕದಲ್ಲಿ ನಿಂತು ನೋಡಿ. ಹತ್ತಿಪ್ಪತ್ತು ನಿಮಿಷಗಳಲ್ಲಿ ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಬಿಸಿಯಾಗುತ್ತದೆ, ಕೂಲೆಂಟ್ ಮಟ್ಟ ಕೊಂಚ ಇಳಿಯುತ್ತದೆ. ಇಳಿದಷ್ಟನ್ನು ತುಂಬಿ, ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ. ಮುಚ್ಚಳ ಶೇಖರಣಾ ಬಾಟಲಿಯ ಮೇಲೆ ಮಾತ್ರ ಇರುವ ವಾಹನಗಳಲ್ಲಿ ಕೈಪಿಡಿಯ ಕ್ರಮದಂತೆ ಗಾಳಿ ತೆಗೆಯಬೇಕು. ಕಾದ ಮೇಲೆ ಆ ಮುಚ್ಚಳವನ್ನೂ ತೆರೆಯಬಾರದು. ಶಾಖದ ಮುಳ್ಳು ಏರುತ್ತಿದ್ದರೂ ಮೇಲಿನ ಹೋಸ್ ತಣ್ಣಗೇ ಇದ್ದರೆ ಗಾಳಿ ಸಿಕ್ಕಿದೆ ಇಲ್ಲವೆ ಥರ್ಮೋಸ್ಟಾಟ್ ಕೆಟ್ಟಿದೆ ಎಂದರ್ಥ. ಕೂಡಲೆ ಇಂಜಿನ್ ನಿಲ್ಲಿಸಬೇಕು.

ಮುಚ್ಚಳದ ರಬ್ಬರ್ ವಾಷರ್ ಬಿರುಕು ಬಿಟ್ಟಿದ್ದರೆ ಅಷ್ಟೇ ಒತ್ತಡದ ಗುರುತಿರುವ ಹೊಸ ಮುಚ್ಚಳ ಹಾಕಿ. ಮೊದಲ ಸಲ ಖಾಲಿ ವಾಹನವನ್ನು ಊರ ಹತ್ತಿರವೇ ಓಡಿಸಿ ನೋಡಿ. ಮರುದಿನ ಬೆಳಿಗ್ಗೆ ತಣಿದಿರುವಾಗ ಕೂಲೆಂಟ್ ಮಟ್ಟವನ್ನೂ ಕ್ಲಿಪ್ಪಿನ ಬಿಗಿಯನ್ನೂ ಪರೀಕ್ಷಿಸಿ, ಒಂದು ವಾರ ದಿನವೂ ಮಟ್ಟ ನೋಡುತ್ತಿರಿ. ಆಮೇಲೆ ಮಾಲು ಹೇರಬಹುದು.

ದಾರಿಯಲ್ಲಿ ಹೋಸ್ ಒಡೆದರೆ

ಶಾಖದ ಮುಳ್ಳು ಕೆಂಪು ಗೆರೆಯ ಕಡೆ ಏರಿದರೆ ಅಥವಾ ಬಾನೆಟ್ಟಿನಿಂದ ಆವಿ ಬಂದರೆ ‘ಇನ್ನು ಎರಡು ಮೈಲಿ ತಾನೇ’ ಎಂದು ಓಡಿಸಬೇಡಿ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಇಂಜಿನ್ ಆರಿಸಿ. ನೀರು ಪೂರ್ತಿ ಸೋರಿಹೋದಾಗ ಶಾಖ ಅಳೆಯುವ ಸಾಧನಕ್ಕೆ ನೀರು ತಾಗದೆ ಮುಳ್ಳು ಕೆಳಗಿಳಿಯುವುದೂ ಉಂಟು. ಇಂಜಿನ್ ತಣಿಯಿತೆಂದು ಇದರಿಂದ ಮೋಸ ಹೋಗಬಾರದು.

ಆವಿ ನಿಲ್ಲುವವರೆಗೆ ಬಾನೆಟ್ ಎತ್ತಬೇಡಿ. ಕಾದ ಇಂಜಿನಿಗೆ ತಣ್ಣೀರು ಸುರಿದರೆ ಲೋಹ ಸೀಳುತ್ತದೆ. ಪೂರ್ತಿ ತಣಿಯಲು ಒಂದು ಗಂಟೆ ಅಥವಾ ಅದಕ್ಕೂ ಹೆಚ್ಚು ಬೇಕಾದೀತು. ಆ ಹೊತ್ತಿನಲ್ಲಿ ಮಾಲು ಸಾಗಿಸಲು ಬೇರೆ ವಾಹನ ಗೊತ್ತುಮಾಡುವುದು ಜಾಣತನ. ತಣಿದ ಮೇಲೆ ನೋಡಿದಾಗ ಹೋಸ್ ತುದಿಯಲ್ಲಿ ಮಾತ್ರ ಸೀಳಿದ್ದು, ಉದ್ದಕ್ಕೆ ಅವಕಾಶವಿದ್ದರೆ ಆ ತುಂಡನ್ನು ಕತ್ತರಿಸಿ ಮತ್ತೆ ಕೂರಿಸಬಹುದು. ನಡುವೆ ಸಣ್ಣ ಬಿರುಕಾದರೆ ಒರೆಸಿ ಒಣಗಿಸಿ ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದೆಳೆದು ಬಿಗಿಯಾಗಿ ಸುತ್ತಿ, ನೀರು ತುಂಬಿ, ಮುಳ್ಳಿನ ಮೇಲೆ ಕಣ್ಣಿಟ್ಟು ಹತ್ತಿರದ ಗ್ಯಾರೇಜಿನವರೆಗೆ ಖಾಲಿ ವಾಹನವನ್ನು ನಿಧಾನವಾಗಿ ಒಯ್ಯಬಹುದು. ಇದು ಆ ಹೊತ್ತಿನ ಉಪಾಯ ಮಾತ್ರ. ಐದು ಲೀಟರ್ ನೀರಿನ ಕ್ಯಾನು, ಒಂದೆರಡು ಕ್ಲಿಪ್ಪು, ಸ್ಕ್ರೂಡ್ರೈವರ್ ಯಾವಾಗಲೂ ವಾಹನದಲ್ಲಿರಲಿ.

ಹಳೆಯ ಕೂಲೆಂಟ್ ವಿಷ

ಬಹುತೇಕ ಕೂಲೆಂಟುಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಆದರೆ ಮೂತ್ರಪಿಂಡಗಳನ್ನು ಕೆಡಿಸಿ ಪ್ರಾಣ ತೆಗೆಯುವ ವಿಷ. ನಾಯಿ, ಬೆಕ್ಕು, ಕರು, ಮಕ್ಕಳು ಸಿಹಿಯ ಆಸೆಗೆ ಇದನ್ನು ಕುಡಿದಾರು. ಬಸಿದ ಕೂಲೆಂಟನ್ನು ಚರಂಡಿ, ಕೆರೆ, ತಿಪ್ಪೆ ಅಥವಾ ಕೊಟ್ಟಿಗೆಯ ಬಳಿ ಚೆಲ್ಲಬೇಡಿ. ಮುಚ್ಚಳವಿರುವ ಕ್ಯಾನಿಗೆ ತುಂಬಿ, ಮೇಲೆ ‘ವಿಷ’ ಎಂದು ದಪ್ಪಕ್ಷರದಲ್ಲಿ ಬರೆದು, ಹಳೆಯ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿನಲ್ಲಿ ವಿಚಾರಿಸಿ ಒಪ್ಪಿಸಿ. ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಡಲೇಬಾರದು. ನೆಲಕ್ಕೆ ಬಿದ್ದ ಕೂಲೆಂಟಿನ ಮೇಲೆ ಮರಳು ಅಥವಾ ಒಣಮಣ್ಣು ಹಾಕಿ ಹೀರಿಸಿ, ಆ ಮಣ್ಣನ್ನು ದನಕರುಗಳಿಗೆ ಸಿಗದಂತೆ ಒಂದು ಡಬ್ಬದಲ್ಲಿ ಮುಚ್ಚಿಡಿ. ಮನುಷ್ಯರಾಗಲಿ ಪ್ರಾಣಿಯಾಗಲಿ ಕುಡಿದದ್ದು ತಿಳಿದರೆ ಲಕ್ಷಣಗಳಿಗಾಗಿ ಕಾಯದೆ ಕೂಡಲೆ ವೈದ್ಯರ, ಪಶುವೈದ್ಯರ ಬಳಿಗೆ ಒಯ್ಯಬೇಕು.

ಮೆಕ್ಯಾನಿಕ್ಕಿಗೆ ತೋರಿಸಬೇಕಾದ ಸಂದರ್ಭಗಳು

ಹೋಸ್ ಬದಲಾಯಿಸಿದ ಮೇಲೂ ರೇಡಿಯೇಟರಿನಲ್ಲಿ ಗುಳ್ಳೆಗಳು ನಿಲ್ಲದಿದ್ದರೆ, ಹೊಗೆಕೊಳವೆಯಿಂದ ಬಿಳಿಯ ಹೊಗೆ ಬಿಡದೆ ಬರುತ್ತಿದ್ದರೆ ಅಥವಾ ಆಯಿಲ್ ಮಟ್ಟ ನೋಡುವ ಕಡ್ಡಿಯಲ್ಲಿ ಆಯಿಲು ಹಾಲು ಬೆರೆತ ಕಾಫಿಯಂತೆ ಕಂಡರೆ ಹೆಡ್ ಗ್ಯಾಸ್ಕೆಟ್ ಕೆಟ್ಟಿರುವ ಸಂಭವವಿದೆ. ವಾಟರ್ ಪಂಪಿನಿಂದ ಸೋರುತ್ತಿದ್ದರೂ ಅದು ಮನೆಯ ಕೆಲಸವಲ್ಲ. ಇಂಥ ವಾಹನವನ್ನು ಓಡಿಸದೆ ನುರಿತ ಮೆಕ್ಯಾನಿಕ್ಕಿಗೆ ತೋರಿಸಬೇಕು. ಖಾತರಿ ಅವಧಿ ಮುಗಿಯದ ವಾಹನವಾದರೆ ಕೆಲಸಕ್ಕೆ ಕೈ ಹಚ್ಚುವ ಮೊದಲು ಖಾತರಿಯ ನಿಯಮಗಳನ್ನು ಓದಿಕೊಳ್ಳಿ.

ನೀರಿನಿಂದ ತಣಿಯುವ ಇಂಜಿನ್ ಇರುವ ಟ್ರಾಕ್ಟರುಗಳಿಗೂ ಮೇಲೆ ಹೇಳಿದ ಪರೀಕ್ಷೆ ಮತ್ತು ಎಚ್ಚರಿಕೆಗಳು ಅನ್ವಯಿಸುತ್ತವೆ. ಉಳುಮೆಯ ಹದ ಕಾಯುವುದಿಲ್ಲ, ಮಾರುಕಟ್ಟೆಯ ಹರಾಜೂ ಕಾಯುವುದಿಲ್ಲ. ಆದುದರಿಂದ ಕೊಯ್ಲಿಗೆ ಮುಂಚಿನ ಒಂದು ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ ಬಾನೆಟ್ ತೆರೆದು ಎರಡು ಹೋಸುಗಳ ನಾಲ್ಕು ತುದಿಗಳನ್ನು ಒತ್ತಿ ನೋಡಿ. ಮೆತ್ತಗಾದದ್ದು ಕಂಡರೆ ಆ ವಾರವೇ ಹೊಸದನ್ನು ಹಾಕಿ.